35 ಮೈಲಿ ಎಂಬ ಡಬ್ಬದ ಮಾತು: ಕುಟುಂಬದ ರೇಡಿಯೋ, ಆಂಟೆನಾ, ರಿಪೀಟರ್

(ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡಿಗರ ಒಂದು ವಾರಾಂತ್ಯದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಅಂಗಡಿಯಲ್ಲಿ ಜೋಡಿ ವಾಕಿಟಾಕಿ ಇಟ್ಟು ಮಾರುವ ಪ್ಲಾಸ್ಟಿಕ್ ಡಬ್ಬ ನೀವೆಲ್ಲ ನೋಡಿರುತ್ತೀರಿ. ಅದರ ಮೇಲೆ ದಪ್ಪ ಅಕ್ಷರದಲ್ಲಿ "35 ಮೈಲಿ" ಎಂದು ಬರೆದಿರುತ್ತದೆ. ಮನೆಗೆ ತಂದು, ಬ್ಯಾಟರಿ ಹಾಕಿ, ಒಂದನ್ನು ಮಗಳ ಕೈಗೆ ಕೊಟ್ಟು ನಾಲ್ಕು ಬೀದಿ ಆಚೆ ಕಳಿಸಿದರೆ ಬರೀ ಗೊರಗೊರ. ಹಾಗಂತ ಡಬ್ಬದ ಮಾತು ಪೂರ್ತಿ ಸುಳ್ಳೂ ಅಲ್ಲ. ನೀವು ಒಂದು ಬೆಟ್ಟದ ತುದಿಯಲ್ಲಿ, ಮಗಳು ಇನ್ನೊಂದು ಬೆಟ್ಟದ ತುದಿಯಲ್ಲಿ, ನಡುವೆ ಒಂದು ಮರವೂ ಇಲ್ಲ ಅಂದರೆ ಅಷ್ಟು ದೂರ ಹೋದೀತು. ನಾವ್ಯಾರೂ ಹಾಗೆ ಬೆಟ್ಟದ ತುದಿಯಲ್ಲಿ ಸಂಸಾರ ಮಾಡುವುದಿಲ್ಲ, ಅಲ್ವಾ?

ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ವಿಷಯ. ದುಡ್ಡು ಖರ್ಚು ಮಾಡುವುದಿದ್ದರೆ ಮೊದಲು ಆಂಟೆನಾಗೆ ಮಾಡಿ, ಅದನ್ನು ಎತ್ತರಕ್ಕೆ ಏರಿಸುವುದಕ್ಕೆ ಮಾಡಿ. ವಾಟ್, ಅಂದರೆ ರೇಡಿಯೋದ ಪವರ್, ಆಮೇಲೆ ನೋಡಿಕೊಳ್ಳೋಣ. ಹೊಸಬರು ಇದನ್ನು ತಿರುಗಾಮುರುಗಾ ಮಾಡುವುದೇ ಜಾಸ್ತಿ.

ಕೈಯಲ್ಲಿ ಫೋನ್ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರು ಒಂದು ಸಲ ನಾಲ್ಕು ಕಾರಿನಲ್ಲಿ ಯೊಸೆಮಿಟಿಗೆ ಹೋಗಿ ಬನ್ನಿ. ಟಯೋಗಾ ರಸ್ತೆಯಲ್ಲಿ ಬಹಳ ದೂರದವರೆಗೆ ಸಿಗ್ನಲ್ ಇರುವುದಿಲ್ಲ. ಮುಂದಿನ ಕಾರು ಎಲ್ಲಿ ನಿಂತಿತು, ಹಿಂದಿನ ಕಾರಿನಲ್ಲಿ ಮಗು ವಾಂತಿ ಮಾಡಿಕೊಂಡಿತಾ, ಏನೂ ತಿಳಿಯುವುದಿಲ್ಲ. ಇನ್ನು 2019ರ ಅಕ್ಟೋಬರ್ ನೆನಪಿಸಿಕೊಳ್ಳಿ. ಕಾಳ್ಗಿಚ್ಚಿನ ಭಯಕ್ಕೆ ಕರೆಂಟ್ ತೆಗೆದರು. ಮರಿನ್ ಕೌಂಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮೊಬೈಲ್ ಟವರ್‌ಗಳು ಬಂದ್ ಆದವು. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ನಾರ್ತ್ ಕ್ಯಾರೊಲೈನಾದ ಪಶ್ಚಿಮ ಭಾಗಕ್ಕೆ ಬಡಿದಾಗ ಇದಕ್ಕಿಂತ ಕೆಟ್ಟ ಪರಿಸ್ಥಿತಿ. ಆಗ ಮೌಂಟ್ ಮಿಚೆಲ್ ಬೆಟ್ಟದ ಮೇಲಿದ್ದ ಒಂದು ಹ್ಯಾಮ್ (ಹವ್ಯಾಸಿ ರೇಡಿಯೋದವರ) ರಿಪೀಟರ್, ಅಂದರೆ ಬಂದ ಮಾತನ್ನು ಮತ್ತೆ ಜೋರಾಗಿ ಬಿಡುವ ಯಂತ್ರದ ಮೂಲಕ ಜನ ತಮ್ಮವರ ಸುದ್ದಿ ಕೇಳಿದರು, ಸಹಾಯ ಕರೆಸಿಕೊಂಡರು. ಆ ಬೆಟ್ಟದ ಎತ್ತರ 2,037 ಮೀಟರ್. ಮಿಸಿಸಿಪಿ ನದಿಯ ಪೂರ್ವಕ್ಕೆ ಅದಕ್ಕಿಂತ ಎತ್ತರದ ಜಾಗ ಇಲ್ಲ. ಅಲ್ಲಿ ಕೆಲಸಕ್ಕೆ ಬಂದದ್ದು ಹ್ಯಾಮ್ ರೇಡಿಯೋ. ಅದಕ್ಕೆ ಪರೀಕ್ಷೆ ಬರೆಯಬೇಕು. ನಾನು ಇವತ್ತು ಮಾತಾಡುವುದು ಪರೀಕ್ಷೆ ಬೇಡದ, ಇಡೀ ಮನೆಯವರು ಬಳಸಬಹುದಾದ ರೇಡಿಯೋ ಬಗ್ಗೆ. ಆದರೆ ಬೆಟ್ಟದ ಲೆಕ್ಕ ಎರಡಕ್ಕೂ ಒಂದೇ.

ಅಮೆರಿಕದಲ್ಲಿ ಈ ಜಾತಿಯ ಸೇವೆ ಮುಖ್ಯವಾಗಿ ಎರಡಿವೆ. ಒಂದು ಎಫ್‌ಆರ್‌ಎಸ್ (ಫ್ಯಾಮಿಲಿ ರೇಡಿಯೋ ಸರ್ವಿಸ್), ಇನ್ನೊಂದು ಜಿಎಂಆರ್‌ಎಸ್ (ಜನರಲ್ ಮೊಬೈಲ್ ರೇಡಿಯೋ ಸರ್ವಿಸ್). ಎರಡೂ 462 ಮತ್ತು 467 ಮೆಗಾಹರ್ಟ್ಸ್ ಸುತ್ತಮುತ್ತ ಅದೇ 22 ಚಾನೆಲ್ ಹಂಚಿಕೊಂಡಿವೆ. ಒಂದು ಸೇವೆಯವರು ಇನ್ನೊಂದು ಸೇವೆಯವರ ಜೊತೆ ಮಾತಾಡಬಹುದು. ಎಫ್‌ಆರ್‌ಎಸ್ ಬಂದದ್ದು 1996ರಲ್ಲಿ. ಅದಕ್ಕೆ ಲೈಸೆನ್ಸ್ ಬೇಡ. 2017ರಲ್ಲಿ ನಿಯಮ ಬದಲಾದ ಮೇಲೆ ಹೆಚ್ಚಿನ ಚಾನೆಲ್‌ಗಳಲ್ಲಿ 2 ವಾಟ್ ತನಕ ಬಿಡಬಹುದು. 8ರಿಂದ 14ರವರೆಗಿನ ಚಾನೆಲ್‌ಗಳಲ್ಲಿ ಮಾತ್ರ ಅರ್ಧ ವಾಟ್. ಆದರೆ ಎಫ್‌ಆರ್‌ಎಸ್ ಸೆಟ್ಟಿನ ಆಂಟೆನಾ ಬಿಚ್ಚುವ ಹಾಗಿಲ್ಲ, ರಿಪೀಟರ್ ಬಳಸುವ ಹಾಗೂ ಇಲ್ಲ. ಅಂದರೆ ನಾನು ಈಗ ಹೇಳಲಿರುವ ಅರ್ಧ ಮಾತು ಅದಕ್ಕೆ ಅನ್ವಯಿಸುವುದೇ ಇಲ್ಲ. ಮಕ್ಕಳು ಕ್ಯಾಂಪಿನಲ್ಲಿ ಓಡಾಡುವುದಕ್ಕೆ, ಮಾಲ್‌ನಲ್ಲಿ ಹುಡುಕಾಡುವುದಕ್ಕೆ ಅದು ಧಾರಾಳ ಸಾಕು. ನಿಮ್ಮ ಅಗತ್ಯ ಅಷ್ಟೇ ಆಗಿದ್ದರೆ ಒಂದು ಜೋಡಿ ಎಫ್‌ಆರ್‌ಎಸ್ ತಗೊಂಡು ಸುಮ್ನೆ ಇದ್ದುಬಿಡಿ.

ಜಿಎಂಆರ್‌ಎಸ್‌ನಲ್ಲಿ ಮೇಲಿನ ಎಂಟು ಚಾನೆಲ್‌ಗಳಲ್ಲಿ, ಅಂದರೆ 15ರಿಂದ 22ರವರೆಗೆ, 50 ವಾಟ್ ತನಕ ಹೋಗಬಹುದು. ಆಂಟೆನಾ ಬದಲಿಸಬಹುದು. ರಿಪೀಟರ್ ಬಳಸಬಹುದು, ಬೇಕಿದ್ದರೆ ಸ್ವಂತದ್ದು ಹಾಕಲೂಬಹುದು. ಇದಕ್ಕೆಲ್ಲ ಎಫ್‌ಸಿಸಿಯ, ಅಂದರೆ ಅಮೆರಿಕ ಸರ್ಕಾರದ ಸಂಪರ್ಕ ಆಯೋಗದ, ಲೈಸೆನ್ಸ್ ಬೇಕು. ಮೊದಲು 70 ಡಾಲರ್ ಇತ್ತು. 2022ರಿಂದ 35 ಡಾಲರ್. ಅಷ್ಟು ಕೊಟ್ಟರೆ ಹತ್ತು ವರ್ಷ. ಪರೀಕ್ಷೆ ಇಲ್ಲ.

ಇಲ್ಲಿ ಕೂತಿರುವ ಬಹಳ ಜನಕ್ಕೆ ಒಂದು ಅನುಮಾನ ಇರುತ್ತದೆ, ಗೊತ್ತು. ನಾವು ಎಚ್-1ಬಿಯವರು, ನಮಗೆ ಕೊಡುತ್ತಾರಾ? ಕೊಡುತ್ತಾರೆ. ನಿಯಮ ಕೇಳುವುದು 18 ವರ್ಷ ತುಂಬಿರಬೇಕು, ವಿದೇಶಿ ಸರ್ಕಾರದ ಪ್ರತಿನಿಧಿ ಆಗಿರಬಾರದು ಎಂದು. ಪೌರತ್ವ ಕೇಳುವುದಿಲ್ಲ. ಅಮೆರಿಕದ ಒಂದು ಅಂಚೆ ವಿಳಾಸ ಬೇಕು. ಎಫ್‌ಸಿಸಿಯ ಸ್ವಂತ ವೆಬ್‌ಸೈಟಿನಲ್ಲೇ ಅರ್ಜಿ ಹಾಕಿ. ಮೊದಲು ಎಫ್‌ಆರ್‌ಎನ್ ಎಂಬ ನಂಬರ್ ಮಾಡಿಸಿಕೊಳ್ಳಬೇಕು, ಆಮೇಲೆ ಅದರಿಂದ ಲೈಸೆನ್ಸಿನ ಅರ್ಜಿ. ಆ ವೆಬ್‌ಸೈಟ್ ಮಹಾ ಹಳೇ ಕಾಲದ್ದು. ತಾಳ್ಮೆ ಇಟ್ಟುಕೊಂಡು ಕೂತುಕೊಳ್ಳಿ. ಒಂದು ಎಚ್ಚರಿಕೆ: ಲೈಸೆನ್ಸ್ ಪಡೆದವರ ಹೆಸರು, ವಿಳಾಸ ಸಾರ್ವಜನಿಕ ಪಟ್ಟಿಯಲ್ಲಿ ಇರುತ್ತದೆ. ಯಾರು ಬೇಕಾದರೂ ಹುಡುಕಿ ನೋಡಬಹುದು. ಮನೆ ವಿಳಾಸ ಕೊಡಲು ಮನಸ್ಸಿಲ್ಲದಿದ್ದರೆ ಪೋಸ್ಟ್ ಬಾಕ್ಸ್ ವಿಳಾಸ ಕೊಡಬಹುದು.

ಈ ಲೈಸೆನ್ಸಿನ ಚೆಂದ ಇರುವುದು ಕುಟುಂಬದ ವಿಷಯದಲ್ಲಿ. ಒಬ್ಬರು ಮಾಡಿಸಿದರೆ ಸಾಕು. ಗಂಡ, ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ಅಪ್ಪ ಅಮ್ಮ, ಅಜ್ಜ ಅಜ್ಜಿ, ಅಣ್ಣ ತಮ್ಮ, ಅಕ್ಕ ತಂಗಿ, ಚಿಕ್ಕಪ್ಪ, ಅತ್ತೆ, ಸೋದರಮಾವ, ಅಣ್ಣತಮ್ಮ ಅಕ್ಕತಂಗಿಯರ ಮಕ್ಕಳು, ಹೆಂಡತಿಯ ಕಡೆಯವರು, ಗಂಡನ ಕಡೆಯವರು, ಎಲ್ಲರೂ ಅದೇ ಕಾಲ್‌ಸೈನ್, ಅಂದರೆ ಲೈಸೆನ್ಸಿನ ಜೊತೆ ಸಿಗುವ ಗುರುತಿನ ಹೆಸರು, ಬಳಸಬಹುದು. ಆರು ತಿಂಗಳಿಗೆ ಎಂದು ಊರಿಂದ ಬಂದಿರುವ ಮಾವನವರ ಕೈಗೂ ಒಂದು ಸೆಟ್ ಕೊಡಬಹುದು. ಒಂದು ಕಡೆ ಮಾತ್ರ ಎಫ್‌ಸಿಸಿ ನಮ್ಮ ಲೆಕ್ಕಕ್ಕೆ ಒಪ್ಪುವುದಿಲ್ಲ. ಚಿಕ್ಕಪ್ಪನ ಮಗನನ್ನು ನಾವು ತಮ್ಮ ಎಂದೇ ಕರೆಯುತ್ತೇವೆ. ಅವರ ಪಟ್ಟಿಯಲ್ಲಿ ಅವನಿಗೆ ಜಾಗ ಇಲ್ಲ. ಅವನೂ ಒಂದು 35 ಡಾಲರ್ ಕಟ್ಟಬೇಕು. ಸ್ನೇಹಿತರ ಮನೆಯವರೂ ಅಷ್ಟೇ, ಅವರದ್ದು ಅವರಿಗೆ.

ಈಗ ಆಂಟೆನಾಗೆ ಬರೋಣ. ಈ ಅಲೆಗಳು ಹೆಚ್ಚುಕಡಿಮೆ ಕಣ್ಣಿಗೆ ಕಂಡಷ್ಟೇ ದೂರ ಹೋಗುತ್ತವೆ. ಸ್ವಲ್ಪ ಬಾಗುತ್ತವೆ, ಹಾಗಾಗಿ ಕಣ್ಣಿಗಿಂತ ಒಂಚೂರು ಮುಂದೆ. ಲೆಕ್ಕ ಸುಲಭ. ಆಂಟೆನಾ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲ ತೆಗೆದು 4.1ರಿಂದ ಗುಣಿಸಿ. ಬಂದದ್ದು ಕಿಲೋಮೀಟರಿನಲ್ಲಿ ಅದರ ದಿಗಂತ. ಕೈಯಲ್ಲಿ ಹಿಡಿದ ಸೆಟ್ ಒಂದೂವರೆ ಮೀಟರ್ ಎತ್ತರದಲ್ಲಿ ಇರುತ್ತದೆ. ಅದಕ್ಕೆ 5 ಕಿ.ಮೀ. ಎದುರಿನವರಿಗೂ 5. ಎರಡೂ ಸೇರಿ 10 ಕಿ.ಮೀ., ಅಂದರೆ ಸುಮಾರು 6 ಮೈಲಿ. ಅದೂ ಸಮುದ್ರದಂಥ ಬಯಲಿನಲ್ಲಿ. ನಡುವೆ ಮನೆ, ಮರ, ದಿಣ್ಣೆ ಬಂದರೆ ಒಂದೆರಡು ಮೈಲಿಗೆ ಇಳಿಯುತ್ತದೆ, ಊರೊಳಗೆ ಇನ್ನೂ ಕಡಿಮೆ. ಅದೇ ಆಂಟೆನಾ 9 ಮೀಟರ್ ಎತ್ತರದ ಮಾಡಿನ ಮೇಲೆ ಇದ್ದರೆ 12 ಕಿ.ಮೀ. ನಮ್ಮ ಡಯಾಬ್ಲೋ ಬೆಟ್ಟ 1,173 ಮೀಟರ್ ಇದೆ. ಅದರ ತುದಿಯಿಂದ ಲೆಕ್ಕ ಹಾಕಿ ನೋಡಿ, 140 ಕಿ.ಮೀ. ಬರುತ್ತದೆ.

ವಾಟ್ ಹೆಚ್ಚಿಸಿದರೆ ಏನಾಗುತ್ತದೆ? ಯಾವ ಅಡ್ಡಿಯೂ ಇಲ್ಲದ ಜಾಗದಲ್ಲೂ ದೂರ ಎರಡು ಪಟ್ಟು ಆಗಬೇಕಾದರೆ ಪವರ್ ನಾಲ್ಕು ಪಟ್ಟು ಬೇಕು. ನಡುವೆ ಗುಡ್ಡ ಬಂದರೆ 5 ವಾಟೂ ಅಷ್ಟೇ, 50 ವಾಟೂ ಹೆಚ್ಚುಕಡಿಮೆ ಅಷ್ಟೇ. ಇನ್ನೂ ಒಂದು ವಿಷಯ ಇದೆ, ಅದನ್ನು ಯಾವ ಡಬ್ಬವೂ ಹೇಳುವುದಿಲ್ಲ. ವಾಟ್ ಜಾಸ್ತಿ ಆದರೆ ನಿಮ್ಮ ಮಾತು ಅವರಿಗೆ ಕೇಳಿಸುತ್ತದೆ, ಸರಿ. ಅವರ ಮಾತು ನಿಮಗೆ ಕೇಳಿಸುವುದಕ್ಕೆ ಅದರಿಂದ ಏನೂ ಉಪಯೋಗ ಇಲ್ಲ. ಒಳ್ಳೆಯ ಆಂಟೆನಾ ಎರಡೂ ಕಡೆಗೆ ಕೆಲಸ ಮಾಡುತ್ತದೆ, ಹೇಳುವುದಕ್ಕೂ ಕೇಳುವುದಕ್ಕೂ.

462 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ ಸುಮಾರು 65 ಸೆಂಟಿಮೀಟರ್. ಅದರ ಕಾಲು ಭಾಗದ ಕಡ್ಡಿ ಇದ್ದರೆ ಸರಿಯಾದ ಆಂಟೆನಾ ಆಗುತ್ತದೆ. ಅಂದರೆ 16 ಸೆಂಟಿಮೀಟರ್, ಒಂದು ಗೇಣೂ ಇಲ್ಲ. ಈ ಬ್ಯಾಂಡಿನ ದೊಡ್ಡ ಅನುಕೂಲವೇ ಇದು. ಹಳೆಯ ಸಿಬಿ ರೇಡಿಯೋ 27 ಮೆಗಾಹರ್ಟ್ಸ್‌ನದು. ಅದರಲ್ಲಿ ಇದೇ ಕಾಲು ಭಾಗಕ್ಕೆ ಎರಡೂಮುಕ್ಕಾಲು ಮೀಟರ್ ಕಡ್ಡಿ ಬೇಕು. ಲಾರಿಗಳ ಮೇಲೆ ಬಳುಕಾಡುವ ಉದ್ದ ಕಡ್ಡಿ ನೋಡಿರುತ್ತೀರಲ್ಲ, ಅದು.

ಕೈ ಸೆಟ್ಟನ್ನು ನೆಟ್ಟಗೆ ಹಿಡಿಯಿರಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಸಿನಿಮಾದಲ್ಲಿ ಹೀರೋ ಹಿಡಿಯುವ ಹಾಗೆ ಅಡ್ಡಡ್ಡ ಹಿಡಿದು ಮಾತಾಡಿದರೆ ನಿಮ್ಮ ಅಲೆ ಅಡ್ಡ ಹೋಗುತ್ತದೆ, ಎದುರಿನವರ ಆಂಟೆನಾ ಮಾತ್ರ ನೆಟ್ಟಗೆ ನಿಂತಿರುತ್ತದೆ. ಸಿಗ್ನಲ್ ಧಡಕ್ಕನೆ ಬೀಳುತ್ತದೆ. ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗಿನ ಮೈಕಿನಲ್ಲಿ ಮಾತಾಡಿದರೂ ಅಷ್ಟೇ, ಅರ್ಧ ಸಿಗ್ನಲ್ಲನ್ನು ನಿಮ್ಮ ಮೈಯೇ ನುಂಗುತ್ತದೆ. ತಲೆಯ ಮಟ್ಟಕ್ಕೆ ಎತ್ತಿ, ಆಂಟೆನಾ ಆಕಾಶಕ್ಕೆ. ದುಡ್ಡು ಖರ್ಚಾಗದ ಉಪಾಯ ಇದೊಂದೇ.

ಕಾರಿನೊಳಗೆ ಕೂತು ಕೈ ಸೆಟ್ಟಿನಲ್ಲಿ ಮಾತಾಡುವುದು ಎಂದರೆ ತಗಡಿನ ಡಬ್ಬದೊಳಗಿಂದ ಕೂಗಿದ ಹಾಗೆಯೇ ಲೆಕ್ಕ. ಆಂಟೆನಾ ಹೊರಗೆ ಬರಬೇಕು. ಅಯಸ್ಕಾಂತದ ಬುಡ ಇರುವ ಆಂಟೆನಾ ಸಿಗುತ್ತದೆ. ಅದನ್ನು ಛಾವಣಿಯ ನಟ್ಟನಡುವೆ ಇಡಿ. ಬಾನೆಟ್ಟಿನ ಅಂಚಿಗೋ ಡಿಕ್ಕಿಯ ಮೂಲೆಗೋ ಇಟ್ಟರೆ ಒಂದು ದಿಕ್ಕಿಗೆ ಚೆನ್ನಾಗಿ ಹೋಗಿ ಇನ್ನೊಂದು ದಿಕ್ಕಿಗೆ ಸೊರಗುತ್ತದೆ. ಛಾವಣಿಯ ಉಕ್ಕಿನ ತಗಡೇ ಆಂಟೆನಾದ ಇನ್ನರ್ಧ. ಗಾಜಿನ ಛಾವಣಿಯ ಕಾರು, ಅಲ್ಯೂಮಿನಿಯಂ ಮೈಯ ಟ್ರಕ್ ಇರುವವರಿಗೆ ಅಯಸ್ಕಾಂತ ಅಂಟುವುದಿಲ್ಲ. ಅವರು ಕ್ಲಾಂಪ್ ಹಾಕುವ ಮೌಂಟ್ ನೋಡಬೇಕು, ಜೊತೆಗೆ ಕೆಳಗೆ ತಗಡು ಬೇಡದ ಬಗೆಯ ಆಂಟೆನಾ ಕೊಳ್ಳಬೇಕು.

ಇನ್ನು ಗೇನ್, ಅಂದರೆ ಆಂಟೆನಾ ಸಿಗ್ನಲ್ಲನ್ನು ಒಂದು ಕಡೆಗೆ ಎಷ್ಟು ಒಟ್ಟುಮಾಡಿ ಕಳಿಸುತ್ತದೆ ಎಂಬ ಅಳತೆ. ಆಂಟೆನಾ ಮಾರುವವರು 3 ಡಿಬಿ (ಡೆಸಿಬೆಲ್), 6 ಡಿಬಿ ಎಂದು ಬರೆದಿರುತ್ತಾರೆ. ದೊಡ್ಡ ಸಂಖ್ಯೆ ಎಂದರೆ ಒಳ್ಳೆಯದು ಎಂದು ಎಲ್ಲರೂ ಅದನ್ನೇ ಎತ್ತಿಕೊಳ್ಳುತ್ತಾರೆ. ಆಂಟೆನಾ ತಾನಾಗಿ ಪವರ್ ಹುಟ್ಟಿಸುವುದಿಲ್ಲ. ಅದೇ ಒಂದು ಸೌಟು ಹಿಟ್ಟು. ಇಡ್ಲಿ ತಟ್ಟೆಗೆ ಹೊಯ್ದರೆ ದಪ್ಪಗೆ ಉಬ್ಬುತ್ತದೆ, ಕಾವಲಿಯ ಮೇಲೆ ಹರಡಿದರೆ ತೆಳ್ಳಗೆ ಅಗಲವಾಗುತ್ತದೆ. ಗೇನ್ ಜಾಸ್ತಿ ಇರುವ ಆಂಟೆನಾ ದೋಸೆ ಹೊಯ್ಯುತ್ತದೆ. ಸೆಂಟ್ರಲ್ ವ್ಯಾಲಿಯಂಥ ಬಯಲಿನಲ್ಲಿ ಅದು ಬಹಳ ಒಳ್ಳೆಯದು. ಸಿಯೆರಾ ಬೆಟ್ಟದ ತಿರುವುಗಳಲ್ಲಿ, ಒಂದು ಕಾರು ಮೇಲೆ ಒಂದು ಕಾರು ಕೆಳಗೆ ಇರುವಾಗ, ಆ ತೆಳ್ಳನೆಯ ಅಲೆ ಅವರ ತಲೆಯ ಮೇಲೆ ಹಾದುಹೋಗುತ್ತದೆ. ಅಲ್ಲಿ 16 ಸೆಂಟಿಮೀಟರಿನ ಬಡಪಾಯಿ ಕಡ್ಡಿಯೇ ಗೆಲ್ಲುತ್ತದೆ. ಕಡಿಮೆ ಬೆಲೆ ಕೂಡ.

ಮನೆಗೆ ಆಂಟೆನಾ ಹಾಕುವವರು ಕೇಬಲ್ಲಿನಲ್ಲಿ ಏಮಾರುತ್ತಾರೆ. ಈ ಫ್ರೀಕ್ವೆನ್ಸಿಯಲ್ಲಿ ಕೇಬಲ್ ಪವರ್ ತಿನ್ನುತ್ತದೆ. ಆರ್‌ಜಿ-58 ಎಂಬ ತೆಳು ಕೇಬಲ್ ಅಗ್ಗಕ್ಕೆ ಸಿಗುತ್ತದೆ. ಅದನ್ನು 50 ಅಡಿ ಎಳೆದರೆ ನೀವು ಹಾಕಿದ ಪವರ್‌ನಲ್ಲಿ ಮೂರನೇ ಒಂದು ಭಾಗದಷ್ಟು ಮಾತ್ರ ಮೇಲೆ ತಲುಪುತ್ತದೆ. 50 ವಾಟಿನ ರೇಡಿಯೋ ಕೊಂಡು 15 ವಾಟ್ ಚಿಲ್ಲರೆ ಬಳಸಿದ ಹಾಗಾಯಿತು. ಎಲ್‌ಎಂಆರ್-400 ಎಂಬ ದಪ್ಪ ಕೇಬಲ್ಲಿನಲ್ಲಿ ಅಷ್ಟೇ ದೂರಕ್ಕೆ ಕಾಲು ಭಾಗಕ್ಕಿಂತ ತುಸು ಹೆಚ್ಚು ಹೋಗುತ್ತದೆ ಅಷ್ಟೇ, ಉಳಿದದ್ದು ಆಂಟೆನಾಗೆ ಸಿಗುತ್ತದೆ. ನಷ್ಟ ಬರೀ ಕಳಿಸುವಾಗ ಆಗುವುದಿಲ್ಲ, ಕೇಳುವಾಗಲೂ ಆಗುತ್ತದೆ. ದೂರದಿಂದ ಬಂದ ಸಣ್ಣ ದನಿ ಕೇಬಲ್ಲಿನೊಳಗೇ ಸತ್ತುಹೋಗುತ್ತದೆ. ಹಾಗಾಗಿ ಕೇಬಲ್ ಒಳ್ಳೆಯದು ಹಾಕಿ, ಗಿಡ್ಡ ಹಾಕಿ. ಕೀಲುಗಳಿಗೆ ಮಳೆನೀರು ಇಳಿಯದ ಹಾಗೆ ಟೇಪ್ ಸುತ್ತಿ.

ಮನೆಮಾಲೀಕರ ಸಂಘ ಇರುವ ಬಡಾವಣೆಯವರು ಮೊದಲು ಅವರ ನಿಯಮ ಓದಿ. ಡಿಶ್ ಆಂಟೆನಾಗೆ ಇರುವ ಕಾನೂನಿನ ರಕ್ಷಣೆ ಇದಕ್ಕಿಲ್ಲ. ಅಟ್ಟದೊಳಗೆ ಹಾಕಬಹುದು. ಮಾಡಿನ ಕೆಳಗೆ ಅಲ್ಯೂಮಿನಿಯಂ ಹಾಳೆ ಹೊಡೆದಿದ್ದರೆ ಮಾತ್ರ ಪ್ರಯೋಜನ ಇಲ್ಲ. ಬಾಡಿಗೆ ಮನೆಯವರಿಗೆ ನನ್ನ ಸಲಹೆ, ಸುತ್ತಿಡಬಹುದಾದ ಜೆ-ಪೋಲ್. ತಂತಿಯಿಂದ ಮಾಡಿದ, ಅರ್ಧ ಮೀಟರ್ ಉದ್ದದ ಆಂಟೆನಾ ಅದು. ಬಾಲ್ಕನಿಯಲ್ಲಿ ನೇತುಹಾಕಿ, ಕ್ಯಾಂಪಿಗೆ ಹೋದಾಗ ಹಗ್ಗ ಕಟ್ಟಿ ಮರದ ಕೊಂಬೆಗೆ ಎಳೆಯಿರಿ. ಮಾಡಿನ ಮೇಲೆ ಕಂಬ ನಿಲ್ಲಿಸುವವರು ಕರೆಂಟಿನ ತಂತಿಯಿಂದ ದೂರ ಇರಿ, ಕಂಬ ಉರುಳಿದರೂ ತಂತಿಗೆ ತಾಗದಷ್ಟು ದೂರ. ಸಿಡಿಲಿಗೆ ಅರ್ತಿಂಗ್ ಮಾಡಿಸಿ. ಇವೆರಡರಲ್ಲಿ ಕಂಜೂಸಿತನ ಬೇಡ.

ಇಷ್ಟು ತಿಳಿದರೆ ರಿಪೀಟರ್ ಅರ್ಥ ಮಾಡಿಕೊಳ್ಳಲು ಹೆಚ್ಚು ಹೊತ್ತು ಬೇಡ. ನಮ್ಮ ಮನೆ ಗುಡ್ಡದ ಮೇಲಿಲ್ಲ. ಗುಡ್ಡದ ಮೇಲೆ ಯಾರೋ ಒಬ್ಬರು ಆಂಟೆನಾ ಹಾಕಿದ್ದಾರೆ. ಅದನ್ನು ನಮಗೂ ಬಳಸಲು ಬಿಡುತ್ತಾರೆ. ರಿಪೀಟರ್ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು, ಅದೇ ಕ್ಷಣದಲ್ಲಿ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಜೋರಾಗಿ ಹೇಳುತ್ತದೆ. ಜಿಎಂಆರ್‌ಎಸ್‌ನಲ್ಲಿ ಈ ಎರಡರ ನಡುವೆ ಯಾವಾಗಲೂ 5 ಮೆಗಾಹರ್ಟ್ಸ್ ಅಂತರ. ಉದಾಹರಣೆಗೆ ನೀವು 467.675ರಲ್ಲಿ ಕಳಿಸುತ್ತೀರಿ, ಅದು 462.675ರಲ್ಲಿ ಬಿಡುತ್ತದೆ. ಅಂಥ ಜೋಡಿಗಳು ಎಂಟು. ನಿಮ್ಮ ಸೆಟ್ಟಿನಲ್ಲಿ ಅವು ಆರ್‌ಪಿ 15ರಿಂದ ಆರ್‌ಪಿ 22 ಎಂದೋ, 23ರಿಂದ 30 ಎಂದೋ ಇರುತ್ತವೆ. ಒಂದೇ ಆಂಟೆನಾದಲ್ಲಿ ಕೇಳುವುದೂ ಕೂಗುವುದೂ ಒಟ್ಟಿಗೆ ನಡೆಯಬೇಕಲ್ಲ, ಅದಕ್ಕೆ ಡ್ಯೂಪ್ಲೆಕ್ಸರ್ ಎಂಬ ಫಿಲ್ಟರ್ ಇರುತ್ತದೆ. ಇಲ್ಲದಿದ್ದರೆ ತನ್ನ ದನಿಗೆ ತಾನೇ ಕಿವುಡಾಗುತ್ತದೆ.

ಹೊಸಬರು ಸಿಕ್ಕಿಬೀಳುವುದು ಟೋನ್ ವಿಷಯದಲ್ಲಿ. ನೀವು ಬಟನ್ ಒತ್ತಿದಾಗ ಮಾತಿನ ಕೆಳಗೆ, ಕಿವಿಗೆ ಗೊತ್ತಾಗದಷ್ಟು ಸಣ್ಣ ಗುಂಯ್ ಸದ್ದೊಂದು ಹೋಗುತ್ತಿರುತ್ತದೆ. 141.3 ಹರ್ಟ್ಸ್ ಅಂತಲೋ 100 ಹರ್ಟ್ಸ್ ಅಂತಲೋ. ಸರಿಯಾದ ಟೋನ್ ಬಂದರೆ ಮಾತ್ರ ರಿಪೀಟರ್ ಬಾಯಿ ಬಿಡುತ್ತದೆ. 20ನೇ ಚಾನೆಲ್ಲಿನ ರಿಪೀಟರ್ ಜೋಡಿಯಲ್ಲಿ 141.3 ಇಡುವುದು ಪ್ರಯಾಣಿಕರಿಗಾಗಿ ಬಹಳ ಕಾಲದಿಂದ ನಡೆದುಬಂದ ರೂಢಿ. ಎಲ್ಲಾ ಕಡೆ ಇರುತ್ತದೆ ಎಂದೇನಿಲ್ಲ. ಕೆಲವು ಕಂಪನಿಗಳು ಈ ಟೋನನ್ನು "ಪ್ರೈವೆಸಿ ಕೋಡ್" ಎಂದು ಕರೆದು ಮಾರುತ್ತವೆ. ಪ್ರೈವೆಸಿ ಎಂಬುದು ಅದರಲ್ಲಿ ಎಳ್ಳಷ್ಟೂ ಇಲ್ಲ. ಟೋನ್ ಹಾಕಿದರೆ ಬೇರೆಯವರ ಮಾತು ನಿಮಗೆ ಕೇಳಿಸುವುದಿಲ್ಲ ಅಷ್ಟೇ. ನಿಮ್ಮ ಮಾತು ಊರಿಗೆಲ್ಲ ಕೇಳಿಸುತ್ತಿರುತ್ತದೆ. "ಮನೆಗೆ ಬೀಗ ಹಾಕಿ ಬಂದಿದ್ದೇವೆ, ಭಾನುವಾರ ವಾಪಸ್" ಎಂದೆಲ್ಲ ರೇಡಿಯೋದಲ್ಲಿ ಹೇಳಬೇಡಿ.

ರಿಪೀಟರ್ ಸಿಕ್ಕಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಕಾಲ್‌ಸೈನ್ ಹೇಳಿ, ಬಟನ್ ಬಿಡಿ. ಒಂದೆರಡು ಸೆಕೆಂಡು ಸಣ್ಣದಾಗಿ ಉಸಿರಿನಂಥ ಸದ್ದು ಬಂದು ಕಟ್ ಆದರೆ ಸಿಕ್ಕಿತು ಅಂತ. ಏನೂ ಬರದಿದ್ದರೆ ಟೋನ್ ನೋಡಿ, ರಿಪೀಟರ್ ಚಾನೆಲ್ಲಿನಲ್ಲೇ ಇದ್ದೀರಾ ನೋಡಿ. ಎರಡೂ ಸರಿ ಇದ್ದರೆ ದೂರದ ಸಮಸ್ಯೆ. ರಿಪೀಟರ್ ನಿಮಗೆ ಸ್ಪಷ್ಟ ಕೇಳುತ್ತಿದೆ, ನೀವು ಅದಕ್ಕೆ ಕೇಳುತ್ತಿಲ್ಲ, ಇದು ದಿನಾ ನಡೆಯುವ ಕಥೆ. ಅದು ಬೆಟ್ಟದ ಮೇಲಿಂದ 50 ವಾಟಿನಲ್ಲಿ ಮಾತಾಡುತ್ತಿದೆ, ನೀವು ಅಡುಗೆಮನೆಯಿಂದ 5 ವಾಟಿನಲ್ಲಿ. ಕಿಟಕಿಗೆ ಬನ್ನಿ. ಆಗದಿದ್ದರೆ ಹೊರಗೆ ಬನ್ನಿ. ಹಾಗೂ ಆಗದಿದ್ದರೆ ಆಗ ಆಂಟೆನಾ ಬಗ್ಗೆ ಯೋಚಿಸಿ. ಇನ್ನೊಂದು, ಗಂಡ ಹೆಂಡತಿ ಪಕ್ಕಪಕ್ಕ ನಿಂತು ರಿಪೀಟರ್ ಪರೀಕ್ಷೆ ಮಾಡಬೇಡಿ. ಒಬ್ಬರ ಸೆಟ್ ಕಳಿಸುವ ಪವರ್ ಹತ್ತಿರದ ಇನ್ನೊಂದು ಸೆಟ್ಟನ್ನು ಕಿವುಡು ಮಾಡುತ್ತದೆ. "ಕೆಟ್ಟುಹೋಗಿದೆ" ಎಂದು ವಾಪಸ್ ಕೊಡಲು ಹೊರಡುತ್ತೀರಿ. ಒಬ್ಬರು ಬೀದಿಯ ಆ ತುದಿಗೆ ಹೋಗಲಿ.

ರಿಪೀಟರ್ ಯಾರದ್ದೋ ಸ್ವಂತ ದುಡ್ಡಿನದು ಎಂಬುದು ನೆನಪಿರಲಿ. ಯಂತ್ರ, ಡ್ಯೂಪ್ಲೆಕ್ಸರ್, ಬೆಟ್ಟದ ಮೇಲಿನ ಜಾಗದ ಬಾಡಿಗೆ, ಕರೆಂಟು, ಎಲ್ಲ ಅವರ ಕೈಯಿಂದ. ಮೈಜಿಎಂಆರ್‌ಎಸ್ ಎಂಬ ವೆಬ್‌ಸೈಟಿನ ಪಟ್ಟಿಯಲ್ಲಿ ನಿಮ್ಮ ಹತ್ತಿರದ್ದು ಹುಡುಕಿ. ಅನುಮತಿ ಬೇಕು ಎಂದಿದ್ದರೆ ಕೇಳಿ. ಬಳಸುತ್ತಲೇ ಇದ್ದರೆ ಖರ್ಚಿಗೆ ಒಂದಿಷ್ಟು ಕೊಡಿ. ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಇನ್ನೊಬ್ಬರ ರಿಪೀಟರ್ ಮೇಲೆ ಹಕ್ಕು ಬರುವುದಿಲ್ಲ. ಸುಮ್ಮನೆ ಬಟನ್ ಒತ್ತಿ ಒತ್ತಿ ಬಿಡುವ ಚಾಳಿ ಮಕ್ಕಳಿಗೆ ಅಂಟುತ್ತದೆ, ಮೊದಲ ದಿನವೇ ಬಿಡಿಸಿ.

ಮಾತಿನ ವಿಷಯ. ಕನ್ನಡದಲ್ಲಿ ಧಾರಾಳ ಮಾತಾಡಬಹುದು. ಕಾಲ್‌ಸೈನ್ ಮಾತ್ರ ಇಂಗ್ಲಿಷಿನಲ್ಲಿ ಹೇಳಬೇಕು, ಇಲ್ಲ ಮೋರ್ಸ್ ಕೋಡಿನಲ್ಲಿ. ಮಾತು ಮುಗಿದಾಗ ಒಮ್ಮೆ, ಉದ್ದ ಮಾತಾದರೆ 15 ನಿಮಿಷಕ್ಕೊಮ್ಮೆ. ಗುಟ್ಟಿನ ಸಂಕೇತಭಾಷೆ ನಿಷಿದ್ಧ. ಹಾಡು ಹಾಕುವುದೂ ನಿಷಿದ್ಧ, ಕಾರಿನ ಸ್ಟೀರಿಯೋ ಕಡಿಮೆ ಮಾಡಿ ಮಾತಾಡಿ. ಬಟನ್ ಒತ್ತಿ ಒಂದು ಕ್ಷಣ ಬಿಟ್ಟು ಶುರು ಮಾಡಿ, ಮುಗಿದ ಮೇಲೆ ಒಂದು ಕ್ಷಣ ಬಿಟ್ಟು ಕೈ ತೆಗೆಯಿರಿ. ನಮಗೆ ಇದು ಇಂಗ್ಲಿಷಿನವರಿಗಿಂತ ಮುಖ್ಯ. "ಎಡಕ್ಕೆ ತಿರುಗಬೇಕು", "ಎಡಕ್ಕೆ ತಿರುಗಬೇಡಿ", ವ್ಯತ್ಯಾಸ ಇರುವುದೆಲ್ಲ ಕೊನೆಯ ಅಕ್ಷರದಲ್ಲಿ. ಅದು ಕಟ್ ಆದರೆ ಹಿಂದಿನ ಕಾರು ಎಲ್ಲಿಗೆ ಹೋಗುತ್ತದೋ. ದಾರಿ ಹೇಳುವಾಗ "ಬೇಡ, ಬೇಡ, ಎಡಕ್ಕೆ ಬೇಡ" ಎಂದು ಮೊದಲೇ ಹೇಳಿಬಿಡಿ.

ಕೊಳ್ಳುವುದೇನು? ಜಿಎಂಆರ್‌ಎಸ್‌ಗೆಂದೇ ಎಫ್‌ಸಿಸಿ ಒಪ್ಪಿಗೆ ಪಡೆದ ಸೆಟ್ ಬೇಕು. ಎಫ್‌ಸಿಸಿ ನಿಯಮದ ಭಾಗ 95ಇ ಎಂದು ವಿವರದಲ್ಲಿ ಇರುತ್ತದೆ. ಅಗ್ಗಕ್ಕೆ ಸಿಗುವ ಹ್ಯಾಮ್ ಸೆಟ್ ತಂದು ಲಾಕ್ ತೆಗೆದು ಇಲ್ಲಿ ಬಳಸುವುದು ಕಾನೂನಿಗೆ ವಿರುದ್ಧ, ಇಂಟರ್‌ನೆಟ್ಟಿನಲ್ಲಿ ಯಾರು ಏನೇ ಹೇಳಲಿ. ಜಿಎಂಆರ್‌ಎಸ್ ಎಂದು ಬರೆದಿರುವ ಎಲ್ಲದರಲ್ಲೂ ರಿಪೀಟರ್ ಸೌಲಭ್ಯ ಇರುವುದಿಲ್ಲ. ಅದನ್ನು ಖಚಿತ ಮಾಡಿಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ರಿಪೀಟರ್ ಸೌಲಭ್ಯ ಇರುವ 5 ವಾಟಿನ ಕೈ ಸೆಟ್ ಎರಡು, ಕಾರಿನ ಮೇಲೆ ಇಡುವ ಒಂದು ಆಂಟೆನಾ, ಅದಕ್ಕೆ ಸರಿಹೋಗುವ ಅಡಾಪ್ಟರ್. ಮೊದಲ ವರ್ಷಕ್ಕೆ ಇಷ್ಟು ಸಾಕು. ಮಕ್ಕಳಿಗೆ ಎಫ್‌ಆರ್‌ಎಸ್ ಸೆಟ್ ಕೊಟ್ಟು ಅದೇ ಚಾನೆಲ್ಲಿಗೆ ಹಾಕಿ. ಅವರ ದನಿ ಸ್ವಲ್ಪ ಸಣ್ಣಗೆ ಕೇಳಿದರೆ ಗಾಬರಿ ಬೇಡ. ಎಫ್‌ಆರ್‌ಎಸ್ ಕಿರಿದಾದ ಬ್ಯಾಂಡಿನಲ್ಲಿ ಕಳಿಸುತ್ತದೆ, ನಿಮ್ಮ ಸೆಟ್ ಅಗಲದ್ದರಲ್ಲಿ ಕೇಳುತ್ತಿದೆ. ಸೆಟ್ಟಿಂಗಿನಲ್ಲಿ ನ್ಯಾರೋ ಎಂದು ಬದಲಿಸಿದರೆ ಸರಿಹೋಗುತ್ತದೆ. ಹವಾಮಾನ ಇಲಾಖೆಯ 162 ಮೆಗಾಹರ್ಟ್ಸ್ ಚಾನೆಲ್‌ಗಳು ಕೇಳಿಸುವ ಸೆಟ್ ಆದರೆ ಇನ್ನೂ ಒಳ್ಳೆಯದು. ಬೆಂಕಿಯ ಕಾಲದಲ್ಲಿ ಬೇಕಾಗುತ್ತದೆ.

ಇಷ್ಟಾದ ಮೇಲೆ ಸಭೆಯಿಂದ ಬಂದ ಪ್ರಶ್ನೆಗಳು.

ಒಬ್ಬರು ಕೇಳಿದರು: ರಿಪೀಟರ್‌ಗಳನ್ನು ಇಂಟರ್‌ನೆಟ್ಟಿನಲ್ಲಿ ಜೋಡಿಸಿ ಡಲ್ಲಾಸಿನಲ್ಲಿರುವ ಅಣ್ಣನ ಜೊತೆ ಮಾತಾಡಬಹುದಾ? ಹಾಗೆ ಜೋಡಿಸಿದ ಜಾಲಗಳು ಬಹಳ ಇದ್ದವು. ಇದು ನಿಯಮಕ್ಕೆ ಸರಿಹೊಂದುವುದಿಲ್ಲ ಎಂದು ಎಫ್‌ಸಿಸಿ ತನ್ನ ವೆಬ್‌ಸೈಟಿನಲ್ಲಿ ಸ್ಪಷ್ಟ ಮಾಡಿದೆ. ಅಕ್ಕಪಕ್ಕದ ಊರಿನವರು ಮಾತಾಡಲಿ ಎಂದು ಇರುವ ಸೇವೆ ಇದು. ಡಲ್ಲಾಸಿಗೆ ಫೋನ್ ಮಾಡಿ.

ಹ್ಯಾಮ್ ಒಳ್ಳೆಯದಾ, ಇದು ಒಳ್ಳೆಯದಾ? ರೇಡಿಯೋದಲ್ಲೇ ಆಸಕ್ತಿ ಇದ್ದರೆ ಹ್ಯಾಮ್. ಅದರ ಮೊದಲ ಹಂತವಾದ ಟೆಕ್ನಿಷಿಯನ್ ಪರೀಕ್ಷೆಯಲ್ಲಿ 35 ಪ್ರಶ್ನೆ. ಕಷ್ಟವೇನಲ್ಲ, ಇಲ್ಲಿರುವ ಹೈಸ್ಕೂಲು ಮಕ್ಕಳೂ ಪಾಸು ಮಾಡುತ್ತಾರೆ. ಆದರೆ ಮನೆಯ ಪ್ರತಿಯೊಬ್ಬರೂ ಬೇರೆಬೇರೆಯಾಗಿ ಬರೆಯಬೇಕು. ಅಜ್ಜಿಯ ಕೈಯಲ್ಲಿ ಬರೆಸುತ್ತೀರಾ? ಅದಕ್ಕೇ ಮನೆಮಂದಿಗೆ ಜಿಎಂಆರ್‌ಎಸ್.

ಸಿಯಾಟಲ್‌ಗೆ ಮನೆ ಬದಲಿಸುತ್ತಿರುವ ಒಬ್ಬರು ಅಲ್ಲಿಯೂ ಇದೇ ನಿಯಮವಾ ಎಂದರು. ಲೈಸೆನ್ಸ್ ಅದೇ ನಡೆಯುತ್ತದೆ, ವಿಳಾಸ ಮಾತ್ರ ಬದಲಿಸಿ. ಕೆನಡಾ ಗಡಿಯ ಹತ್ತಿರ "ಲೈನ್ ಎ" ಎಂಬ ಗೆರೆ ಇದೆ. ಅದರ ಉತ್ತರಕ್ಕೆ 19 ಮತ್ತು 21ನೇ ಚಾನೆಲ್ ಬಳಸುವ ಹಾಗಿಲ್ಲ, ಅವುಗಳ ರಿಪೀಟರ್ ಜೋಡಿಯನ್ನೂ. ಮನೆ ಸಿಕ್ಕಿದ ಮೇಲೆ ಅದು ಗೆರೆಯ ಯಾವ ಕಡೆ ಎಂದು ನಕ್ಷೆಯಲ್ಲಿ ನೋಡಿಕೊಳ್ಳಿ.

ಕೊನೆಯದನ್ನು ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೇಳಿದರು. ಡಿಸೆಂಬರಿನಲ್ಲಿ ಶಿವಮೊಗ್ಗಕ್ಕೆ ಹೋಗುತ್ತಿದ್ದಾರೆ, ತೋಟದಲ್ಲಿ ಫೋನ್ ಸಿಗುವುದಿಲ್ಲ, ಒಂದು ಜೋಡಿ ತಗೊಂಡು ಹೋಗಲಾ ಎಂದು. ಬೇಡ ಸರ್. ಇಲ್ಲಿನ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ. 462 ಮೆಗಾಹರ್ಟ್ಸ್‌ನಲ್ಲಿ ಇಂಥ ಕುಟುಂಬದ ಸೇವೆ ಭಾರತದಲ್ಲಿ ಇಲ್ಲ. ಅಲ್ಲಿ 2018ರ ನಿಯಮದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಪವರ್ ಸೆಟ್‌ಗಳಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿದ್ದಾರೆ. ಆನ್‌ಲೈನಿನಲ್ಲಿ ಸಿಕ್ಕಸಿಕ್ಕ ವಾಕಿಟಾಕಿ ಮಾರುವುದರ ಮೇಲೂ 2025ರಲ್ಲಿ ಅಲ್ಲಿನ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನಿಯಮ ಬಿಗಿ ಮಾಡಿದೆ. ತೋಟಕ್ಕೆ ಬೇಕಿದ್ದರೆ ಅಲ್ಲೇ 446ರ ಸೆಟ್ ಕೊಳ್ಳಿ. ಕೊಳ್ಳುವ ಮೊದಲು ಇಟಿಎ, ಅಂದರೆ ಸೆಟ್ಟಿಗೆ ಸರ್ಕಾರ ಕೊಡುವ ಒಪ್ಪಿಗೆಯ ಪ್ರಮಾಣಪತ್ರ ಇದೆಯಾ ಎಂದು ಅಂಗಡಿಯವರನ್ನು ಕೇಳಿ. ತೋಟದ ಮನೆಯಲ್ಲಿ ಇರುವವರು ಜಗಲಿಗೆ ಬಂದು ಮಾತಾಡಲಿ, ಒಳಗಿಂದ ಬೇಡ.